ಸಲೀಸಾಗಿ ಕೂತ ಕಾರ್ಡ್

ಸ್ವಲ್ಪ ನಿಧಾನವಾಗಿ ಓದಿ… ನನಗೆ ಇದನ್ನು ಸರಿಯಾಗಿ ಹೇಳಲು ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಒಬ್ಬ ಇಂಜಿನಿಯರ್ ಇದ್ದಳು. ನವಜಾತ ಶಿಶುಗಳಿಗೆ ಉಸಿರು ಕೊಡುವ ಯಂತ್ರಕ್ಕೆ ಹೊಸ ಸರ್ಕ್ಯೂಟ್ ಕಾರ್ಡ್ ಡಿಸೈನ್ ಮಾಡಿದ್ದಳು.

ಒಂದು ಕಾರ್ಡ್ ಕೆಟ್ಟರೆ ನರ್ಸ್ ಅದನ್ನು ಎಳೆದು, ಇನ್ನೊಂದನ್ನು ಸ್ಲಾಟ್‌ಗೆ ಒತ್ತಬೇಕು. ಅಷ್ಟೇ.

ಬೇರೆ ಯಂತ್ರದ ಕಾರ್ಡ್ ಹಾಕಬಾರದೆಂದು ಅಂಚಿನಲ್ಲಿ ಒಂದು ಕಚ್ಚು, ಸ್ಲಾಟ್‌ನಲ್ಲಿ ಅದಕ್ಕೆ ಹೊಂದುವ ಒಂದು ಉಬ್ಬು ಕೊಟ್ಟಿದ್ದಳು. ನೋಡಲು ಚೆಂದ ಎಂದು ಸರಿಯಾಗಿ ಮಧ್ಯದಲ್ಲೇ…

ಕಚ್ಚು ಮಧ್ಯದಲ್ಲಿದ್ದರೆ ಉಲ್ಟಾ ಹಾಕಿದರೂ ಕೂರುತ್ತಲ್ಲ? ಬಾಣದ ಗುರುತು ಇದೆಯಲ್ಲ, ನೋಡಿಕೊಂಡು ಹಾಕುತ್ತಾರೆ ಎಂದುಕೊಂಡಿದ್ದಳು.

ಕಾರ್ಖಾನೆಯಲ್ಲಿ ತಯಾರಿಕೆ ಶುರುವಾಗುವ ಮುಂಚೆ ಒಂದು ಆಸ್ಪತ್ರೆಗೆ ಹೋದಳು. ಮಗುವೂ ಇಲ್ಲದ, ಕರೆಂಟೂ ಇಲ್ಲದ ಯಂತ್ರದಲ್ಲಿ ಬರೀ ಪ್ರಯೋಗ.

ಅಲ್ಲಿನ ನರ್ಸ್ ಐರಿನ್ ಸಿಸ್ಟರ್ ಕಾರ್ಡ್ ಹಿಡಿಯುವಷ್ಟರಲ್ಲಿ ಪಕ್ಕದ ಮಗುವಿನ ಮಾನಿಟರ್ ಕೂಗಿಕೊಂಡಿತು…

ಸಿಸ್ಟರ್ ಕಣ್ಣು ಮಗುವಿನ ಮೇಲೆ. ಕೈ ಕಾರ್ಡಿನ ಮೇಲೆ. ಟಕ್!

“ಕೂತ್ಕೊಳ್ತು ಮೇಡಂ! ಹಳೇದು ಕುಸ್ತಿ ಆಡಿಸ್ತಿತ್ತು. ಇದು ಎಷ್ಟು ಸಲೀಸು!” ಎನ್ನುತ್ತಲೇ ಮಗುವಿನ ಹತ್ತಿರ ಓಡಿದರು. “ವೈರ್ ಒದ್ದುಬಿಟ್ಯಾ ಕಳ್ಳ? ಜೀವಾನೇ ಬಾಯಿಗೆ ಬಂದಿತ್ತು!”

ಇಂಜಿನಿಯರ್ ನಗಲಿಲ್ಲ. ಬಾಣ ಕಾಣಿಸುತ್ತಿರಲಿಲ್ಲ… ಕಾರ್ಡ್ ಉಲ್ಟಾ ಕೂತಿತ್ತು.

ಕರೆಂಟ್ ಇದ್ದಿದ್ದರೆ? ಒಂದು ಮಗು ಇದ್ದಿದ್ದರೆ?… ಕಾರ್ಡ್ ಸುಟ್ಟು ಯಂತ್ರ ನಿಂತುಹೋಗುತ್ತಿತ್ತು. ಎಲ್ಲರೂ ಸಿಸ್ಟರ್ ಕಡೆಗೇ ಬೆರಳು ತೋರಿಸುತ್ತಿದ್ದರು.

ಅವಳು ಕಾರ್ಡ್ ಎಳೆದುಕೊಂಡು, ನೇರ ಆಫೀಸಿಗೆ ಹೋಗಿ ಬಾಸ್‌ಗೆ ಹೇಳಿದಳು.

“ಅಲ್ಲಮ್ಮಾ, ಕಣ್ಣು ಬಿಟ್ಟು ಬಾಣ ನೋಡಿ ಹಾಕಲಿ!” ಎಂದರು ಬಾಸ್.

“ಆಗ ಅವರ ಕಣ್ಣು ಮಗುವಿನ ಮೇಲಿರುತ್ತೆ ಸರ್…”

ಬಾಸ್ ಒಪ್ಪಿದರು. ಅವಳು ಕಚ್ಚನ್ನೂ ಸ್ಲಾಟ್‌ನ ಉಬ್ಬನ್ನೂ ಮಧ್ಯದಿಂದ ಒಂದು ಪಕ್ಕಕ್ಕೆ ಸರಿಸಿದಳು.

ಹೊಸ ಕಾರ್ಡ್, ಹೊಸ ಸ್ಲಾಟ್ ಹಿಡಿದು ಮತ್ತೆ ಅದೇ ವಾರ್ಡ್‌ಗೆ ಹೋದಳು. ಸಿಸ್ಟರ್ ಒತ್ತಿದರು… ಕೂರಲಿಲ್ಲ. ಮತ್ತೆ ಒತ್ತಿದರು. ಇಲ್ಲ.

“ನನ್ನ ಕೈಯಲ್ಲಿ ಆಗ್ತಿಲ್ಲ ಮೇಡಂ… ವಯಸ್ಸಾಯ್ತು ನಂಗೆ. ಹೋದ ಸಲದ್ದೇ ಚೆನ್ನಾಗಿತ್ತು.”

ತಿರುಗಿ ನೋಡಿದರೆ ಇಂಜಿನಿಯರ್ ಅಳುತ್ತಿದ್ದಳು!

“ಅಯ್ಯೋ, ಮುರಿದುಬಿಟ್ನಾ?”

“ಇಲ್ಲ ಸಿಸ್ಟರ್… ಉಲ್ಟಾ ಹಿಡಿದಿದ್ದೀರಿ, ಅದಕ್ಕೇ ಕೂರ್ತಿಲ್ಲ. ಹೋದ ಸಲವೂ ಹೀಗೇ ಹಿಡಿದಿದ್ರಿ… ಆಗ ಉಲ್ಟಾನೇ ಕೂತಿತ್ತು, ಕರೆಂಟ್ ಇದ್ದಿದ್ರೆ ಸುಟ್ಟುಹೋಗ್ತಿತ್ತು. ತಪ್ಪು ನಿಮ್ಮದಲ್ಲ, ನಂದು.”

ಸಿಸ್ಟರ್ ಮಲಗಿದ್ದ ಕೂಸುಗಳ ಕಡೆ ನೋಡಿದರು… ಹತ್ತಿರದ ಕುರ್ಚಿ ಹಿಡಿದು ಕೂತುಬಿಟ್ಟರು.

ಆಮೇಲೆ ಎದ್ದು, ಕಾರ್ಡ್ ತಿರುಗಿಸಿ, ನಡುಗುವ ಕೈಯಲ್ಲೇ ಒತ್ತಿದರು.

ಟಕ್.

ಗಾಬರಿಯಾದವರ ಕೈಯಲ್ಲೂ ತಪ್ಪಾಗದಂತೆ ಮಾಡಿಟ್ಟ ಕೆಲಸವೇ ನಿಜವಾದ ಕಾಳಜಿ.

ನೀವು ಇಂದು ಮಾಡಿ ಮುಗಿಸಿದ ಕೆಲಸ… ನಾಳೆ ಕೈ ನಡುಗುತ್ತಿರುವ ಯಾರಿಗಾದರೂ ಸಿಕ್ಕರೆ, ಅವರನ್ನು ಕಾಪಾಡುತ್ತದೆಯೇ?