ತೋಳಿನ ಲಾಡಿ

ಅಕ್ಕ, ತಂಗಿಯ ಕೆಲಸದ ಕೋಟಿನ ತೋಳಿನ ಲಾಡಿ ಕಟ್ಟುತ್ತಿದ್ದಳು. ಮೊದಲು ಬಲಗೈ, ಆಮೇಲೆ ಎಡಗೈ. ಎರಡು ಸುತ್ತು ಸುತ್ತಿ, ಗಂಟು ಹಾಕಿ, ಉಳಿದ ತುದಿಯನ್ನು ತೋಳಿನೊಳಗೆ ತುರುಕಿ, ಬೆರಳು ತೂರಿಸಿ ಬಿಗಿ ನೋಡಿದಳು. ತಂಗಿ ಎರಡೂ ಕೈ ಮುಂದೆ ಚಾಚಿ ನಿದ್ದೆಗಣ್ಣಿನಲ್ಲಿ ನಿಂತಿದ್ದಳು. ಆ ಲಾಂಡ್ರಿಯಲ್ಲಿ ಅದೊಂದು ಪದ್ಧತಿ. ಒಂದೇ ಕೈಯಲ್ಲಿ ತನ್ನ ಲಾಡಿ ತಾನು ಕಟ್ಟಿಕೊಳ್ಳುವುದು ಕಷ್ಟ. ಅದಕ್ಕೇ ಬಟ್ಟೆ ಇಸ್ತ್ರಿ ಮಾಡುವ ಬಿಸಿ ರೋಲರಿನ ಆಚೆ ಈಚೆ ನಿಲ್ಲುವವರು ಒಬ್ಬರಿಗೊಬ್ಬರು ಕಟ್ಟಬೇಕು.

"ನಿಂದು ಕೊಡಕ್ಕ."

"ನಂದು ಬಿಡು. ನೀನು ಹಾಕೋ ಗಂಟು ಊಟದ ಹೊತ್ತಿಗೆ ಬಿಚ್ಕೊಂಡಿರತ್ತೆ. ನಾನೇ ಹಲ್ಲಲ್ಲಿ ಕಚ್ಚಿ ಕಟ್ಕೋತೀನಿ." ಒಂದು ತೋಳಿನದನ್ನು ಹಾಗೇ ಕಚ್ಚಿ ಎಳೆದಳು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ತಂಗಿಯ ತಲೆಬಟ್ಟೆಯಿಂದ ಜಾರಿದ ಕೂದಲು ಕಣ್ಣಿಗೆ ಬಿತ್ತು. "ಅಯ್ಯೋ, ಇದೊಂದು!" ಎನ್ನುತ್ತ ಅದನ್ನು ಒಳಗೆ ಸೇರಿಸಿದಳು. ಮೇಸ್ತ್ರಿ ಗುಂಡಿ ಒತ್ತಿದರು. ರೋಲರ್ ಗುಂಯ್ ಎಂದು ಸುತ್ತತೊಡಗಿತು.

"ಏನಮ್ಮಾ, ಮೋಡ ಕೆಳಗಿಳೀತಾ? ಇನ್ನೂ ಮೇಲೇ ತೇಲ್ತಿದೆಯಾ?" ಎಂದರು ಮೇಸ್ತ್ರಿ. ಕೆಲಸದ ನಡುವೆ ಎಲ್ಲೋ ನೋಡುತ್ತ ನಿಂತುಬಿಡುವ ತಂಗಿಗೆ ಮೋಡ ಎಂದು ಹೆಸರಿಟ್ಟವರು ಅವರೇ. ಉತ್ತರ ಕೊಟ್ಟವಳು ಅಕ್ಕ. "ಎಲ್ಲೂ ಹೋಗಲ್ಲ ಮೇಸ್ತ್ರಿ. ಹಗ್ಗ ಕಟ್ಟಿ ಹಿಡ್ಕೊಂಡಿದೀನಿ." ಕಾಡಿ ಬೇಡಿ ತಂಗಿಯನ್ನು ತನ್ನ ಎದುರಿಗೇ ಹಾಕಿಸಿಕೊಂಡಿದ್ದಳು ಅವಳು. "ಕಣ್ಣೆದುರಿಗಿದ್ರೆ ನನಗೆ ಧೈರ್ಯ" ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ಬಂದಿದ್ದಳು.

ತಂಗಿ ಈಚೆಯಿಂದ ಒದ್ದೆ ಬೆಡ್‌ಶೀಟಿನ ಅಂಚು ಹಿಡಿದು ರೋಲರಿಗೆ ಕೊಡುತ್ತಿದ್ದಳು. ಆಚೆಯಿಂದ ಅದು ಬೆಚ್ಚಗೆ, ಗರಿಗರಿಯಾಗಿ ಅಕ್ಕನ ಕೈಗೆ ಬರುತ್ತಿತ್ತು. ನಡುವೆ ಆವಿ ಏಳುತ್ತಿತ್ತು. ಯಾರು ಯಾರೋ ಮಲಗಿ ಎದ್ದುಹೋದ ಬಟ್ಟೆಗಳು. ಅವರ ಕನಸುಗಳೇ ಹೀಗೆ ಬಿಸಿ ತಾಗಿ ಹಬೆಯಾಗಿ ಮೇಲೇಳುತ್ತಿವೆಯೇನೋ ಎಂದು ತಂಗಿಗೆ ಅನ್ನಿಸುತ್ತಿತ್ತು. ಒಂದು ಮಗುವಿನದಿರಬೇಕು, ಪುಟ್ಟದಾಗಿ ಸುರುಳಿ ಸುತ್ತಿ ಬೆಳಕಿನ ಕಿಂಡಿಯತ್ತ ಹೋಯಿತು. ಇನ್ನೊಂದು ಭಾರವಾಗಿ ಅಲ್ಲೇ ನಿಂತಿತು.

"ಕೈ! ಕೈ ನೋಡೇ!" ಅಕ್ಕ ಒಂದೊಂದು ಬಟ್ಟೆಗೂ ಕೂಗುತ್ತಿದ್ದಳು. ಮೈಯೆಲ್ಲ ಕಣ್ಣಾಗಿ ತಂಗಿಯ ಬೆರಳುಗಳನ್ನೇ ನೋಡುತ್ತಿದ್ದಳು. ತನ್ನ ಕಡೆ ಬಟ್ಟೆಯ ಮೂಲೆಯೊಂದು ರೋಲರಿಗೆ ಅಂಟಿದರೆ, ನೋಡದೆಯೇ ಎಡಗೈ ಚಾಚಿ ಬಿಡಿಸುತ್ತಿದ್ದಳು.

ಹಬೆಯ ಆಚೆ ಬೆಳ್ಳಗಿನದೇನೋ ಕುಣಿಯುವುದು ತಂಗಿಗೆ ಕಂಡಿತು. ಸಣ್ಣದು, ಹಗುರವಾದದ್ದು. ಹಕ್ಕಿಮರಿ ರೆಕ್ಕೆ ಬಡಿಯಲು ಕಲಿಯುತ್ತಿದೆಯೋ ಎಂಬಂತೆ ಒಮ್ಮೆ ಮೇಲೆದ್ದಿತು, ಒಮ್ಮೆ ಇಳಿಯಿತು. ಎಷ್ಟು ಚಂದ ಎಂದುಕೊಳ್ಳುತ್ತಿದ್ದ ಹಾಗೇ ಅದು ರೋಲರಿನತ್ತ ನೆಟ್ಟಗಾಯಿತು. ಬಿಗಿಯಿತು. ಅಕ್ಕನ ತೋಳಿನ ಲಾಡಿ!

ತಂಗಿ ಎದುರಿಗಿದ್ದ, ಅಪಾಯ ಕಂಡರೆ ಒತ್ತಬೇಕಾದ ಕೆಂಪು ಪಟ್ಟಿಯನ್ನು ಮೊಣಕಾಲಿನಿಂದ ಗುದ್ದಿದಳು. ಯಂತ್ರ ನಿಂತಿತು.

"ಏನಾಯ್ತೇ? ಕೈ ಸುಟ್ಕೊಂಡ್ಯಾ? ಬಡ್ಕೊಂಡೆ ನಾನು, ಕೈ ನೋಡು ಅಂತ!" ಅಕ್ಕ ಅವಳತ್ತ ಓಡಿಬರಲು ಹೊರಟಳು. ಯಾರೋ ತೋಳು ಹಿಡಿದು ಜಗ್ಗಿದಂತಾಗಿ ಅಲ್ಲೇ ನಿಂತಳು. ತಿರುಗಿ ನೋಡಿದಳು. ಲಾಡಿಯೆಲ್ಲ ಒಳಗೆ ಹೋಗಿ, ಕೋಟಿನ ತೋಳಿನ ಅಂಚೂ ರೋಲರಿಗೆ ಸಿಕ್ಕಿತ್ತು. ಅದರ ಬೆನ್ನಿಗೇ ಅವಳ ಬೆರಳುಗಳಿದ್ದವು.

ಮೇಸ್ತ್ರಿ ಕತ್ತರಿ ತಂದು ಕೋಟಿನ ತೋಳು ಕತ್ತರಿಸಿ ಬಿಡಿಸಿದರು. ಮಣಿಕಟ್ಟಿನ ಹತ್ತಿರ ಚರ್ಮ ಕೆಂಪಗಾಗಿತ್ತು, ಅಷ್ಟೇ. ಅವರು ಗದರಿದರು. "ಇಷ್ಟು ಹಳಬಳು ನೀನು. ಲಾಡಿ ಕಟ್ಟದೇ ನಿಂತ್ಕೊಂಡಿದೀಯಲ್ಲ! ಪಕ್ಕದ ಮನೆಗೆ ಬೀಗ ಹಾಕಿ ತನ್ನ ಮನೆ ಬಾಗಿಲು ತೆರೆದಿಟ್ಟ ಹಾಗೆ!"

"ಮರೆತೇಹೋಯ್ತು ಮೇಸ್ತ್ರಿ. ಗಮನ ಎಲ್ಲ ಇವಳ ಕೈ ಮೇಲಿತ್ತು." ಅಕ್ಕ ನಗಲು ನೋಡಿದಳು. "ಇವಳೊಬ್ಬಳು ನೆಟ್ಟಗಿದ್ರೆ ಸಾಕು. ನಂಗೇನಾಗತ್ತೆ? ಹಾಕಿ, ಶುರು ಮಾಡಿ. ಬಟ್ಟೆ ರಾಶಿ ಬಿದ್ದಿದೆ." ಎಂದವಳೇ ಮತ್ತೆ ತಂಗಿಯ ತೋಳು ಹಿಡಿದು ಗಂಟು ಬಿಗಿ ಇದೆಯೇ ಎಂದು ನೋಡತೊಡಗಿದಳು.

ತಂಗಿ ಕೈ ಹಿಂದಕ್ಕೆ ಎಳೆದುಕೊಂಡಳು. ಕೆಲಸಕ್ಕೆ ಸೇರಿದ ಮೇಲೆ ಅವಳು ಮೇಸ್ತ್ರಿಯ ಮುಖ ನೋಡಿ ಮಾತಾಡಿದ್ದೇ ಇಲ್ಲ. ಈಗಲೂ ಅವರ ಕೈಯಲ್ಲಿದ್ದ ಕತ್ತರಿಯನ್ನು ನೋಡುತ್ತಲೇ ಹೇಳಿದಳು.

"ಮೇಸ್ತ್ರಿ, ನನ್ನನ್ನ ಬಟ್ಟೆ ಮಡಚೋ ಕೋಣೆಗೆ ಹಾಕಿ. ನಾನು ಎದುರಿಗಿದ್ರೆ ಅಕ್ಕ ತನ್ನ ಕೈ ನೋಡ್ಕೊಳ್ಳಲ್ಲ."

ಮೇಸ್ತ್ರಿ ಅಕ್ಕನ ಕಡೆ ನೋಡಿದರು. ಅಕ್ಕ ಯಾರೋ ಕೆನ್ನೆಗೆ ಹೊಡೆದಂತೆ ನಿಂತಿದ್ದಳು. ಅವಳ ಅರ್ಧ ತೋಳಿನಿಂದ ನೂಲುಗಳು ಇಳಿಬಿದ್ದಿದ್ದವು. ನಿಂತ ರೋಲರಿನಿಂದ ಕೊನೆಯ ಹಬೆ ಮೆಲ್ಲಗೆ ಎದ್ದು ಮೂವರ ನಡುವೆ ತೇಲಿತು.

"ಆಚೆ ಕೋಣೆಗೆ ಹಾಕಿ, ಮೇಸ್ತ್ರಿ," ಎಂದಳು ತಂಗಿ ಮತ್ತೆ. "ಇವತ್ತೇ ಹಾಕಿ."