ಮೈನಸ್ ಹತ್ತಡಿ

“ಮತ್ತೆ ಹತ್ತಡಿ ಮಾಡಿದ್ದು ಯಾರು?”

ಸಚ್ಚಿದಾನಂದ ಲ್ಯಾಪ್‌ಟಾಪಿನ ಪರದೆಗೆ ಬೆರಳಿನಿಂದ ಕುಟ್ಟಿದ. ಶೃಂಗೇರಿಯಲ್ಲಿ ಅವನು ಕಟ್ಟಿಸಲಿರುವ ಹೊಸ ಲಾಡ್ಜು ಅಲ್ಲಿ ಅಂತಸ್ತು ಅಂತಸ್ತಾಗಿ ನಿಂತಿತ್ತು. ರಸ್ತೆಯ ಮಟ್ಟ ಸೊನ್ನೆ. ಅದರ ಮೇಲೆ ಯಾತ್ರಿಕರಿಗೆ ಎರಡು ಅಂತಸ್ತು. ಕೆಳಗೆ ಇಳಿಜಾರಿನಲ್ಲಿ ನೆಲಮಾಳಿಗೆ. ಅದರ ಲೆವೆಲಿನ ಪಕ್ಕ ಮೈನಸ್ ಹತ್ತಡಿ ಎಂದಿತ್ತು.

“ಹೊಸ ಲೆವೆಲ್ ಸೇರಿಸಿದರೆ ಸಾಫ್ಟ್‌ವೇರ್ ತಾನಾಗೇ ಹತ್ತಡಿ ತಗೊಳ್ತದೆ ಸಾರ್,” ಎಂದಳು ಪವಿತ್ರಾ. ಕೊಪ್ಪದ ಎಂಜಿನಿಯರ್ ಆಫೀಸಿನಲ್ಲಿ ನಕ್ಷೆ ಬಿಡಿಸುವವಳು. ಜಿಪ್ಪು ಕಿತ್ತುಹೋದ ಲ್ಯಾಪ್‌ಟಾಪ್ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು.

“ಅದು ತಗೊಂಡರೆ ನೀನು ತೆಗಿ. ಅಲ್ಲಿ ಇರುವವರು ಕೆಲಸದವರು. ಹತ್ತಡಿ ಎಂತಕ್ಕೆ, ಆನೆ ಕಟ್ಟಲಿಕ್ಕಾ? ಆರೂವರೆ ಸಾಕು.”

ಅವರು ಕೂತಿದ್ದ ಹಳೇ ಲಾಡ್ಜಿನ ಅಡಿಯಲ್ಲೂ ಕೆಲಸದವರ ಆರು ಕುಟುಂಬಗಳಿದ್ದವು. ಹೊಸದು ಮುಗಿದ ಮೇಲೆ ಅವರೆಲ್ಲ ಅಲ್ಲಿಗೆ. ಇಲ್ಲಿ ಸೂರು ಬರೀ ಆರಡಿಯಂತೆ. ಅಂತೆ ಏಕೆಂದರೆ ಸಚ್ಚಿದಾನಂದ ಒಂದು ಸಲವೂ ಕೆಳಗಿಳಿದವನಲ್ಲ. ಕೆಲಸದ ಹೆಂಗಸರ ಮುಖ ಗೊತ್ತಿತ್ತು. ಅವರ ಗಂಡ ಮಕ್ಕಳು ಯಾರೆಂಬುದು ಮ್ಯಾನೇಜರ್ ಕಲ್ಲೇಶಪ್ಪನ ತಲೆನೋವು.

ಪವಿತ್ರಾ ಅಂಕಿ ಬದಲಿಸಿದಳು. ಪರದೆಯಲ್ಲಿ ನೆಲ ಮೇಲಕ್ಕೆ ಜಿಗಿಯಿತು. ಇಳಿಜಾರಿನ ಕಡೆಯ ಕಿಟಕಿಗಳು ಕುಗ್ಗಿ ಬೆಳಕಿಂಡಿಗಳಾದವು.

ಆಗ ಐತ ಮೇಸ್ತ್ರಿ ಬಂದ. ಕಮ್ಮಿ ಕೂಲಿಗೆ ಒಪ್ಪುತ್ತಾನೆಂದು ಕಲ್ಲೇಶಪ್ಪ ಗೊತ್ತುಮಾಡಿದ್ದ ಆಳು. ಬಾಗಿಲು ಅವನಿಗಿಂತ ಒಂದು ಮೊಳ ಎತ್ತರವಿದ್ದರೂ ತಲೆ ತಗ್ಗಿಸಿಯೇ ಒಳಬಂದ. ಬೆಳಿಗ್ಗೆ ಪವಿತ್ರಾಳೂ ಹಾಗೇ ತಗ್ಗಿದ್ದಳು. ಆ ಇಬ್ಬರಲ್ಲಿ ಸಚ್ಚಿದಾನಂದನಿಗೆ ಹಿಡಿಸಿದ್ದು ಅದೊಂದೇ. ಯಾರೆದುರು ಬರುತ್ತಿದ್ದೇವೆಂದು ಗೊತ್ತಿರಬೇಕು.

ಚಹಾ ಬಂತು. ಮೇಸ್ತ್ರಿ ಸಕ್ಕರೆ ಡಬ್ಬಿಗೆ ಕೈ ಚಾಚಿದ. ಪವಿತ್ರಾ ತನ್ನ ಲೋಟಕ್ಕೆ ಎರಡು ಚಮಚ ಸುರಿದುಕೊಂಡು ಡಬ್ಬಿಯನ್ನು ಅವನ ಕೈಗೆ ಸಿಗದಷ್ಟು ದೂರ ಸರಿಸಿದಳು. ಸಚ್ಚಿದಾನಂದ ಮೀಸೆಯಡಿ ನಕ್ಕ. ನಾಲ್ಕಕ್ಷರ ಕಲಿತರೆ ಎಷ್ಟು ಸೊಕ್ಕು!

“ಆರೂವರೆಯೇ ಒಳ್ಳೇದು ಅಯ್ಯಾ,” ಎಂದ ಐತ ಪರದೆ ನೋಡಿ. “ನಾನೂ ಅದನ್ನೇ ಹೇಳುವವ ಇದ್ದೆ.”

“ಹೇಳದೆ ಇರ್ತಾರಾ ಸಾರ್?” ಪವಿತ್ರಾ ಚುಚ್ಚಿದಳು. “ಇವರ ಕೂಲಿ ಚದರ ಅಡಿ ಲೆಕ್ಕ. ಎತ್ತರದ ಲೆಕ್ಕವೇ ಇಲ್ಲ. ಆರೂವರೆ ಅಂದರೆ ಅಗೆಯೋದು ಕಮ್ಮಿ, ಗೋಡೆ ಕಮ್ಮಿ, ಗಾರೆ ಕಮ್ಮಿ. ಕೂಲಿ ಮಾತ್ರ ಪೂರ್ತಿ.”

“ಮೇಡಂ, ನೀವು ಗೆರೆ ಎಳೀರಿ ಸಾಕು. ಕೆಸರಲ್ಲಿ ನಿಲ್ಲುವವ ನಾನು.”

“ನೀವು ನಿಂತು ಕಟ್ಟಿದ ಗೋಡೆ ನೋಡಿದ್ದೇನೆ. ಕುಡಿದವನ ಹಾಗೆ ವಾಲ್ತದೆ.”

ಐತನ ಕುತ್ತಿಗೆಯ ನರ ಉಬ್ಬಿತು. “ದೊಡ್ಡವರ ಹತ್ರ ಮಾತಾಡುವ ರೀತಿಯಾ ಇದು? ಸಾಕಿದವರು ಎಂತದೂ ಕಲಿಸಲಿಲ್ಲ ಕಾಣ್ತದೆ.”

“ಕಲಿಸಿದ್ದನ್ನೇ ಮಾಡ್ತಾ ಇದ್ದೇನೆ.”

ಸಚ್ಚಿದಾನಂದ ಆ ಇಬ್ಬರ ಜಗಳ ಕೇಳುತ್ತಿರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಕಲ್ಲು ತನ್ನ ಜಾಗದ್ದೇ, ಬಿದ್ದುಕೊಂಡಿದೆ. ಕೂಲಿಯ ಕರಾರು ಛಾಪಾ ಕಾಗದದಲ್ಲಿ ಆಗಿಹೋಗಿದೆ, ಅಗೆತವೂ ಅದರೊಳಗೇ. ಅಂದರೆ ತಾನು ಉಳಿಸುತ್ತಿದ್ದೇನೆಂದುಕೊಂಡಿದ್ದ ಮೂರೂವರೆ ಅಡಿ ಉಳಿಯುವುದು ಈ ಮೇಸ್ತ್ರಿಯ ಬೆನ್ನಿಗೆ!

“ನನಗೇ ಟೋಪಿ ಹಾಕ್ತೀಯಾ ಮಾರಾಯ? ಹುಡುಗೀ, ಹತ್ತಡಿ ಮಾಡು.”

“ಅಯ್ಯಾ, ಹತ್ತಡಿ ಅಗೆದರೆ ನನ್ನ ಆಳುಗಳು ಸತ್ತೇ ಹೋಗ್ತಾರೆ. ಏಳಕ್ಕಾದರೂ ನಿಲ್ಲಿಸಿ.”

“ಹತ್ತು. ಒಂದಿಂಚು ಕಮ್ಮಿಯಾದರೂ ದುಡ್ಡಿಲ್ಲ. ಏ, ಆ ಲೆವೆಲಿಗೆ ಬೀಗ ಹಾಕಲಿಕ್ಕೆ ಆಗ್ತದಾ? ಇವ ಆಮೇಲೆ ನಿಮ್ಮ ಆಫೀಸಿಗೆ ಬಂದು ಗೋಗರೆದರೂ ತೆಗೀಬಾರದು.”

“ಆಗ್ತದೆ ಸಾರ್.”

ಅಂಕಿಯ ಪಕ್ಕ ಪುಟ್ಟ ಬೀಗದ ಗುರುತು ಮೂಡಿತು. ಸಚ್ಚಿದಾನಂದ ಪ್ರಿಂಟು ತೆಗೆಸಿ, ಅದರ ಕೆಳಗೆ ಮೇಸ್ತ್ರಿಯ ಸಹಿ ಹಾಕಿಸಿಕೊಂಡ. ಐತ ಒಂದೊಂದೇ ಅಕ್ಷರ ತಡೆದು ತಡೆದು ಬರೆದ. ಸೋತವನು ಸಹಿ ಹಾಕುವುದನ್ನು ನೋಡುವುದರಲ್ಲಿ ಒಂದು ಸುಖವಿದೆ.

ಆಮೇಲಿನ ಎಂಟು ತಿಂಗಳು ಸಚ್ಚಿದಾನಂದ ವಾರಕ್ಕೊಮ್ಮೆ ಟೇಪು ಹಿಡಿದು ಗುಂಡಿಗಿಳಿದ. ಹಳೇ ನೆಲಮಾಳಿಗೆಗೆ ಕಾಲಿಡದವನು ಇಲ್ಲಿ ಮೊಣಕಾಲಿನವರೆಗೆ ಕೆಸರಲ್ಲಿ ನಿಂತು ಇಂಚು ಇಂಚು ಅಳೆದ. ಎರಡು ಸಲ ಅರ್ಧ ಅಡಿ ಕಮ್ಮಿಯಿದೆಯೆಂದು ಮತ್ತೆ ಅಗೆಸಿದ. ಪವಿತ್ರಾ ಪರಿಶೀಲನೆಗೆ ಬಂದಾಗಲೆಲ್ಲ ಅವಳಿಗೂ ಮೇಸ್ತ್ರಿಗೂ ಹಾವು ಮುಂಗುಸಿ ಜಗಳ. ಸಚ್ಚಿದಾನಂದ ಇಬ್ಬರಿಗೂ ಬೈದ. ಹತ್ತಡಿ ಮಾತ್ರ ಹತ್ತಡಿಯಾಗಿಯೇ ಎದ್ದಿತು. ಕಿಟಕಿಗಳಲ್ಲಿ ಆಳೆತ್ತರ ಬೆಳಕು.

ಗೃಹಪ್ರವೇಶದ ದಿನ ಹೋಮ ಮುಗಿಯಿತು. ಸಚ್ಚಿದಾನಂದ ಪಂಚೆ, ಶಲ್ಯ ಇಟ್ಟ ಹರಿವಾಣವನ್ನು ಐತನತ್ತ ನೂಕಿದ. ಪುರೋಹಿತರು ತಡೆದರು.

“ಹಾಗಲ್ಲ ಸಚ್ಚಿದಾನಂದ. ಕಟ್ಟಿದವನ ಮನೆಯವರು ಬರಿಗೈಯಲ್ಲಿ ಹೋಗಬಾರದು. ಹೆಂಡತಿಗೆ ಸೀರೆ, ಮಕ್ಕಳಿಗೆ ಬಟ್ಟೆ. ಎಲ್ಲರೂ ಬರಲಿ.”

“ಕರಿಯೋ,” ಎಂದ ಸಚ್ಚಿದಾನಂದ ಬೇಸರದಿಂದ. “ಎಷ್ಟು ಮಂದಿ ಇದ್ದಾರೆ?”

“ಇಬ್ಬರೇ ಅಯ್ಯಾ. ಹೆಂಡತಿ, ಮಗಳು.”

ಐತ ಬಾಗಿಲಿಗೆ ಹೋಗಿ ಕೈ ಬೀಸಿದ. ಮೊದಲು ಬಂದವಳು ಭೈರಮ್ಮ. ಹಳೇ ಲಾಡ್ಜಿನ ಹಾಸಿಗೆ ಬಟ್ಟೆ ಒಗೆಯುವವಳು, ಇಪ್ಪತ್ತು ವರ್ಷದಿಂದ ಅದರ ಅಡಿಯಲ್ಲೇ ಇದ್ದವಳು. ಏಳಡಿ ಬಾಗಿಲಲ್ಲಿ ಅವಳು ತಲೆ ತಗ್ಗಿಸಿದಳು. ಹಿಂದಿದ್ದ ಮಗಳೂ ಹಾಗೇ ತಗ್ಗಿಸಿದಳು.

ಮಗಳ ಹೆಗಲಲ್ಲಿ ಜಿಪ್ಪು ಕಿತ್ತುಹೋದ ಲ್ಯಾಪ್‌ಟಾಪ್ ಚೀಲವಿತ್ತು.