ಹದಿನೈದು ಹೆಜ್ಜೆ

ಹೀಟರ್ ಮೇಲೆ ಒದ್ದೆ ಉಣ್ಣೆ ಒಣಗುವ ವಾಸನೆ ಬಂದರೆ ನನಗೆ ಈಗಲೂ ವಿಕ್ಲೋ ಬೆಟ್ಟದ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ, ತಂಗಿಗೆ ಆರು. ಆಸ್ಪತ್ರೆಯವರು ಅವಳನ್ನು ಎರಡು ದಿನಕ್ಕೆಂದು ಮನೆಗೆ ಕಳಿಸಿದ್ದರು. ಸ್ನೋ ನೋಡಲೇಬೇಕೆಂದು ಅವಳು ಹಟ ಹಿಡಿದದ್ದರಿಂದ ಲೂಕನ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಹೊರಟೆವು. ಬೆಟ್ಟದ ದಾರಿಯಲ್ಲಿ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದರು. ನನ್ನ ಬೂಟಿನೊಳಗೆ ಹಿಮ ಕರಗಿ ಉಣ್ಣೆಯ ಕಾಲುಚೀಲ ತೊಯ್ದುಹೋಗಿತ್ತು.

"ಯಾವಾಗ್ಲೂ ಅವಳನ್ನೇ ಎತ್ಕೊಳ್ತೀರ!" ಎಂದು ಅತ್ತುಬಿಟ್ಟೆ.

"ಸುಮ್ನಿರು ಪುಟ್ಟಾ, ಇವತ್ತೊಂದಿನ," ಎಂದು ಅಮ್ಮ ನನ್ನ ಕೈ ಒತ್ತಿದಳು.

ತಂಗಿಗೆ ಅದು ಕೇಳಿಸಿತು. "ಐಯಾಮ್ ಗ್ರ್ಯಾಂಡ್, ಅಪ್ಪ. ನಂಗೇನೂ ಆಗಿಲ್ಲ, ನಾನು ನಡೀತೀನಿ. ಅಕ್ಕನ್ನ ಎತ್ಕೊಳ್ಳಿ."

ಅಪ್ಪ ಅಮ್ಮನ ಮುಖ ನೋಡಿದರು. ಆಮೇಲೆ ತಂಗಿಯನ್ನು ಮೆಲ್ಲಗೆ ಇಳಿಸಿ ನನ್ನನ್ನು ಹೆಗಲಿಗೇರಿಸಿಕೊಂಡರು. ಅಮ್ಮನ ಬೆರಳು ಹಿಡಿದು ತಂಗಿ ಹೆಜ್ಜೆ ಎಣಿಸುತ್ತಾ ನಡೆದಳು. ಹದಿನೈದಕ್ಕೆ ಉಸಿರು ಸಾಲದೆ ಹಿಮದಲ್ಲೇ ಕುಳಿತು, "ನೋಡಿದ್ರಾ?" ಎಂದು ನಕ್ಕಳು. ಅಮ್ಮ ಆಚೆ ತಿರುಗಿ ಶಾಲಿನಿಂದ ಮುಖ ಒರೆಸಿಕೊಂಡಳು. ನಾನು ಮಾತ್ರ ನನ್ನನ್ನು ಇಳಿಸಿ ಎನ್ನಲಿಲ್ಲ.

ಆ ಚಳಿಗಾಲ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಅಂದು ನಾನು ಹಟ ಮಾಡಿದ್ದಕ್ಕೆ ಅಪ್ಪ ಅಮ್ಮ ಇಷ್ಟು ವರ್ಷಗಳಲ್ಲಿ ನನಗೆ ಒಂದು ಮಾತೂ ಅಂದಿಲ್ಲ.